ಮಾಲೆ ಇರೋ ತನಕ

ಮೊನ್ನೆ ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿದಾಗ ಕೂರಲು ಜಾಗ ಇರಲಿಲ್ಲ. ಬಾಗಿಲ ಪಕ್ಕ ಕೂತಿದ್ದ ಹುಡುಗನೊಬ್ಬ ಎದ್ದು, "ಕೂತ್ಕೊಳ್ಳಿ ಅಮ್ಮ" ಎಂದ. ಕಪ್ಪು ಪಂಚೆ, ಕಪ್ಪು ಅಂಗಿ, ಕೊರಳಲ್ಲಿ ತುಳಸಿ ಮಣಿಯ ಮಾಲೆ, ಹಣೆಯಲ್ಲಿ ಗಂಧ. ಅವನು ಪಕ್ಕಕ್ಕೆ ಸರಿದಾಗ ಹೊಸ ಕಪ್ಪು ಬಟ್ಟೆಯ ಬಣ್ಣದ ವಾಸನೆ ಬಂತು. ಅದರ ಜೊತೆಗೆ ವಿಭೂತಿ, ಕರ್ಪೂರ. ನಾನು ಅವನ ಮುಖ ನೋಡಲಿಲ್ಲ, ಪಾದ ನೋಡಿದೆ. ಚಪ್ಪಲಿ ಇಲ್ಲದ ಎಳೆಯ ಪಾದ, ಚಳಿಗೆ ಹಿಮ್ಮಡಿ ಬಿರಿದಿತ್ತು. ವಿಜಯನಗರದಲ್ಲಿ ಇಳಿಯಬೇಕಾದವಳು ಇಳಿಯಲೇ ಇಲ್ಲ. ಮೆಜೆಸ್ಟಿಕ್ ತನಕ ಹೋಗಿ ವಾಪಸು ಬಂದೆ.

ನನ್ನ ಮಗ ನಂದೀಶ ಹೋದದ್ದು ಇದೇ ಕಾಲದಲ್ಲಿ. ಕಾರ್ತಿಕ ಮುಗಿದು ಮಾರ್ಗಶಿರದ ಚಳಿ ಹಿಡಿದಿತ್ತು. ಅವನ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ಅವನ ಇಪ್ಪತ್ತನಾಲ್ಕು ವರ್ಷವೂ ನೆನಪಾಗುವುದಿಲ್ಲ. ಆ ಒಂದು ಚಳಿಗಾಲವೇ ನೆನಪಾಗುತ್ತದೆ. ದೊಡ್ಡವನಾದ ಮೇಲೆ ಅವನು ಅವರಪ್ಪನ ಜೊತೆ ಮಾತಾಡಿದ್ದು ಆ ಒಂದು ಚಳಿಗಾಲದಲ್ಲಿ ಮಾತ್ರ.

ನಮ್ಮದು ಹೆಗ್ಗನಹಳ್ಳಿಯಲ್ಲಿ ಎರಡು ಕೋಣೆಯ ಮನೆ. ನಮ್ಮ ಯಜಮಾನರು ಪೀಣ್ಯದ ಕಡೆ ಒಂದು ಗಾರ್ಮೆಂಟ್ಸಿಗೆ ಹೆಂಗಸರನ್ನು ಕರೆದುಕೊಂಡು ಹೋಗುವ ಬಸ್ಸು ಓಡಿಸುತ್ತಿದ್ದರು. ಮಗ ಐಟಿಐ ಮಾಡಿ ಫ್ಯಾಕ್ಟರಿಯಲ್ಲಿ ಮಿಷನ್ ಮುಂದೆ ನಿಲ್ಲಬೇಕು ಎನ್ನುವುದು ಅವರ ಆಸೆ. ಯಾರ್ಯಾರನ್ನೋ ಕೇಳಿಕೊಂಡು ಸೇರಿಸಿದರು ಕೂಡ. ನಂದೀಶ ತಿಂಗಳು ತುಂಬುವ ಮೊದಲೇ ಬಿಟ್ಟು ಬಂದ. ಬೈಕಿನಲ್ಲಿ ಊಟ ಡೆಲಿವರಿ ಕೊಡುವ ಕೆಲಸಕ್ಕೆ ಸೇರಿಕೊಂಡ. ವಿಷಯ ಗೊತ್ತಾದ ದಿನ ಅವನು ಸುಂಕದಕಟ್ಟೆ ಬಸ್ ಸ್ಟಾಪಿನಲ್ಲಿ ಗೆಳೆಯರ ಜೊತೆ ನಿಂತಿದ್ದ. ಇವರು ಅಲ್ಲಿಗೇ ಹೋಗಿ ಎಲ್ಲರೆದುರಿಗೆ ಕೆನ್ನೆಗೆ ಹೊಡೆದರು.

"ಮನೆ ಮನೆ ಬಾಗ್ಲಿಗೆ ಹೋಗಿ ಬೆಲ್ ಒತ್ತೋಕಾ ನಿನ್ನ ಓದಿಸಿದ್ದು?"

"ಇನ್ಮೇಲೆ ನಿಮ್ಮನ್ನ ಅಪ್ಪ ಅನ್ನಲ್ಲ" ಎಂದನಂತೆ ಅವನು.

"ನಿನ್ನ ಹೆಸ್ರೂ ನನ್ನ ಬಾಯಲ್ಲಿ ಬರಲ್ಲ, ಹೋಗು" ಎಂದರಂತೆ ಇವರು.

ಇಬ್ಬರೂ ಮಾತಿಗೆ ತಪ್ಪಲಿಲ್ಲ. ಅದೊಂದರಲ್ಲಿ ಮಗ ಅಪ್ಪನನ್ನೇ ಹೋಲುತ್ತಿದ್ದ. ನಾಲ್ಕು ವರ್ಷ ಒಂದೇ ಸೂರಿನ ಕೆಳಗೆ ಇದ್ದು, ಒಂದೇ ಪಾತ್ರೆಯ ಸಾರು ಉಂಡು, ಮಾತೆಲ್ಲ ನನ್ನ ಮೂಲಕವೇ ನಡೆಯಿತು.

"ಅವ್ನಿಗೆ ಹೇಳು, ಗಾಡಿ ಗೇಟಿಗೆ ಅಡ್ಡ ನಿಲ್ಸೋದು ಬೇಡ ಅಂತ."

"ಅವ್ರಿಗೆ ಹೇಳಮ್ಮ, ಗೇಟು ಯಾರಪ್ಪಂದೂ ಅಲ್ಲ ಅಂತ."

"ನಿಮ್ಮಪ್ಪಂದೇ ಕಣೋ" ಎನ್ನುತ್ತಿದ್ದೆ ನಾನು. ಇಬ್ಬರಿಗೂ ನಗು ಬರುತ್ತಿತ್ತು. ಇಬ್ಬರೂ ನಗುತ್ತಿರಲಿಲ್ಲ.

ಯಜಮಾನರು ಮೊದಲಿನಿಂದಲೂ ಅಯ್ಯಪ್ಪನ ಮಾಲೆ ಹಾಕುತ್ತಿದ್ದರು. ನಮ್ಮ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರೇ ಮಾಲೆ ಹಾಕಿಸುವ ಗುರುಸ್ವಾಮಿ. ಅವರ ಜೊತೆ ವರ್ಷವೂ ಒಂದು ಗುಂಪು ಬೆಟ್ಟಕ್ಕೆ ಹೋಗುತ್ತಿತ್ತು. ಆ ವರ್ಷ ಮಾಲೆ ಹಾಕುವ ಹಿಂದಿನ ದಿನ ನಂದೀಶ ಅಡುಗೆಮನೆ ಬಾಗಿಲಲ್ಲಿ ನಿಂತು, "ಅಮ್ಮ, ನಾನೂ ಹಾಕ್ಕೊಳ್ಳಣ ಅಂತ" ಎಂದ.

"ಏನೋ ಇದ್ದಕ್ಕಿದ್ದಂಗೆ?"

"ಸುಮ್ನೆ. ಒಂದ್ಸಲ ಹೋಗಿ ಬರಣ ಅಂತ."

ಸುಮ್ಮನೆ ಅಲ್ಲ ಎಂದು ನನಗೆ ಆಗಲೇ ಅನ್ನಿಸಿತು. ಕೇಳಲಿಲ್ಲ. ಮಾಲೆಯ ನಿಯಮ ಅವನಿಗೂ ಗೊತ್ತಿತ್ತು, ಚಿಕ್ಕವನಿದ್ದಾಗಿನಿಂದ ನೋಡಿದವನು. ಮಾಲೆ ಹಾಕಿದವರು ಹೆಸರು ಬಿಟ್ಟುಬಿಡುತ್ತಾರೆ. ಒಂದು ಮಂಡಲ, ನಲವತ್ತೊಂದು ದಿನ, ಎಲ್ಲರಿಗೂ ಎಲ್ಲರೂ ಸ್ವಾಮಿ. ಎದುರಿಗಿರುವವನ ಒಳಗೆ ದೇವರಿದ್ದಾನೆ ಎಂದು ತಿಳಿದೇ ಮಾತಾಡಬೇಕು. ಏಕವಚನ ಇಲ್ಲ, ಬೈಗುಳ ಇಲ್ಲ. ಮಾಗಡಿ ರೋಡಿನಲ್ಲಿ ಇಬ್ಬರು ಮಾಲೆ ಹಾಕಿದ ಆಟೋದವರು ಜಗಳ ಆಡುವುದನ್ನು ಕೇಳಿದ್ದೇನೆ. "ಇಂಡಿಕೇಟರ್ ಹಾಕೋಕೆ ಏನು ರೋಗ ಸ್ವಾಮಿ?" "ನಿಮ್ಗೆ ಕಣ್ಣು ಯಾಕೆ ಕೊಟ್ಟಿದಾನೆ ದೇವ್ರು, ಸ್ವಾಮಿ?"

ಮಾಲೆ ಹಾಕಿಸಿಕೊಂಡದ್ದು ಬೆಳಗಿನ ಜಾವ, ನಮ್ಮ ಬೀದಿ ಕೊನೆಯ ಗುಡಿಯಲ್ಲಿ. ಗುರುಸ್ವಾಮಿಯ ಕಪ್ಪು ಪಂಚೆಯ ಮೇಲೂ ರಾಗಿ ಹಿಟ್ಟಿನ ಧೂಳು ಕೂತಿತ್ತು. ಮೊದಲ ಸಲ ಮಾಲೆ ಹಾಕುವವರನ್ನು ಕನ್ನೆ ಸ್ವಾಮಿ ಎನ್ನುತ್ತಾರೆ. ಹಳಬರೆಲ್ಲ ಅವರ ಪಾದ ಮುಟ್ಟುವುದು ನಮ್ಮ ಗುಂಪಿನ ಪದ್ಧತಿ. ಒಬ್ಬೊಬ್ಬರೇ ಬಗ್ಗಿ ಮುಟ್ಟಿದರು. ಯಜಮಾನರ ಸರದಿ ಬಂದಾಗ ನಂದೀಶ ಹಿಂದೆ ಸರಿದ.

"ಸರೀಬಾರ್ದು ಸ್ವಾಮಿ" ಎಂದರು ಗುರುಸ್ವಾಮಿ. "ಬೀಳ್ತಿರೋದು ನಿಮ್ಮ ಕಾಲಿಗಲ್ಲ, ಒಳಗಿರೋರಿಗೆ."

ನಂದೀಶ ಕಣ್ಣು ಮುಚ್ಚಿಕೊಂಡು ನಿಂತ. ಇವರು ಮೊಣಕಾಲೂರಿ ಎರಡೂ ಪಾದ ಹಿಡಿದರು. ಏಳಬೇಕಾದವರು ಏಳಲಿಲ್ಲ. ಅವನ ಬಲಗಾಲಿನ ಗಂಟಿನ ಮೇಲೆ ಅಂಗೈಯಷ್ಟು ದೊಡ್ಡ ಸುಟ್ಟ ಕಲೆ ಇತ್ತು.

"ಇದೇನು ಸ್ವಾಮಿ, ಸುಟ್ಟಿರೋದು?"

"ಸೈಲೆನ್ಸರ್ ತಾಗ್ತು, ಸ್ವಾಮಿ."

"ಯಾವಾಗ?"

"ಆಯ್ತು ಬಿಡಿ, ಎರಡು ವರ್ಷ."

ನಾಲ್ಕು ವರ್ಷದ ಮೇಲೆ ಅವರಿಬ್ಬರು ಆಡಿದ ಮೊದಲ ಮಾತು ಅದು. ನಾನು ಗುಡಿಯ ಕಂಬ ಹಿಡಿದುಕೊಂಡು ನಿಂತಿದ್ದೆ.

ಆಮೇಲಿನ ದಿನಗಳನ್ನು ಹೇಗೆ ಹೇಳುವುದು. ದೊಡ್ಡದೇನೂ ನಡೆಯಲಿಲ್ಲ. ಬೆಳಿಗ್ಗೆ ತಣ್ಣೀರು ಸ್ನಾನ ಮಾಡಬೇಕು. ಇವರು ಮೊದಲು ಎದ್ದು ಸ್ನಾನ ಮುಗಿಸಿ, ಇನ್ನೊಂದು ಬಕೆಟ್ ತುಂಬಿಸಿ, ಚಾಪೆಯ ಪಕ್ಕ ನಿಂತು, "ಸ್ವಾಮಿ, ನೀರು ಇಟ್ಟಿದೀನಿ" ಎನ್ನುತ್ತಿದ್ದರು. ಒಳಗಿನಿಂದ ಅವನು ಮೈ ಮೇಲೆ ಚೊಂಬು ಸುರಿದುಕೊಂಡು ಶರಣು ಕೂಗುವುದು ಪಕ್ಕದ ಮನೆಗೂ ಕೇಳುತ್ತಿತ್ತು. ಚಳಿಗೆ ಕೂಗುತ್ತಾನೋ ಭಕ್ತಿಗೆ ಕೂಗುತ್ತಾನೋ ಎಂದು ಪಕ್ಕದವರು ನಗುತ್ತಿದ್ದರು. ನಾನೂ ಮಿಂದೇ ಒಲೆ ಹಚ್ಚುತ್ತಿದ್ದೆ. ಗಂಡನನ್ನೂ ಸ್ವಾಮಿ ಎಂದೆ, ಹೆತ್ತ ಮಗನನ್ನೂ ಸ್ವಾಮಿ ಎಂದೆ. ಮೊದಲ ದಿನ ನಾಚಿಕೆಯಾಯಿತು. ಆಮೇಲೆ ಅವನಿಗೆ ಅನ್ನ ಬಡಿಸುವಾಗ ನಿಜಕ್ಕೂ ದೇವರ ಮುಂದೆ ನಿಂತ ಹಾಗೆ ಸೆರಗು ಹೊದ್ದುಕೊಳ್ಳತೊಡಗಿದೆ. ಅವನ ಮುಖ ಬೇರೆಯಾಗಿ ಕಾಣುತ್ತಿತ್ತು. ಮುಖ ಅದೇ ಇತ್ತು, ನಾವು ನೋಡುವ ರೀತಿ ಬೇರೆಯಾಗಿತ್ತೇನೋ.

ಮಧ್ಯಾಹ್ನ ಒಂದೇ ಊಟ. ಅದಕ್ಕೆ ಭಿಕ್ಷೆ ಎನ್ನುತ್ತಾರೆ. ಮನೆಯಲ್ಲಿ ಇಬ್ಬರು ಸ್ವಾಮಿಗಳಿದ್ದರೆ ಒಬ್ಬರನ್ನು ಬಿಟ್ಟು ಒಬ್ಬರು ಉಣ್ಣಬಾರದು ಎಂದು ಇವರು ತಾವೇ ಒಂದು ನಿಯಮ ಮಾಡಿಕೊಂಡರು. ಹಾಗಂತ ಎಲ್ಲೂ ಇಲ್ಲ. ಅವನು ಆರ್ಡರ್ ಮುಗಿಸಿ ಬರುವ ತನಕ ಎಲೆ ಮುಂದೆ ಕೂತಿರುತ್ತಿದ್ದರು. ಹೊಟ್ಟೆಯಲ್ಲಿ ಅಲ್ಸರ್ ಇದ್ದ ಮನುಷ್ಯ.

ಒಂದು ದಿನ ಭಜನೆ ಮುಗಿದ ಮೇಲೆ ನಂದೀಶ ಗುರುಸ್ವಾಮಿಯನ್ನು ಕೇಳಿದ, "ಸ್ವಾಮಿ, ದಿನಾ ಬಿರಿಯಾನಿ, ಕಬಾಬು ಹೊರ್ತೀನಿ. ಬೆನ್ನ ಮೇಲೆ ಕೋಳಿ, ಕೊರಳಲ್ಲಿ ಮಾಲೆ. ಇದು ಸರೀನಾ?"

ಗುರುಸ್ವಾಮಿ ಗಡ್ಡ ಕೆರೆದುಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಯಜಮಾನರು ಹೇಳಿದರು, "ಹಸಿದಿರೋರಿಗೆ ಊಟ ತಲುಪ್ಸೋದು ತಪ್ಪಲ್ಲ ಸ್ವಾಮಿ. ಡಬ್ಬೀಲಿ ಏನಿದೆ ಅಂತ ನೀವ್ಯಾಕೆ ಮೂಸ್ತೀರಿ?"

ಯಾವ ಕೆಲಸಕ್ಕೆ ಹೊಡೆದಿದ್ದರೋ ಅದೇ ಕೆಲಸ. ನಂದೀಶ ತಲೆ ತಗ್ಗಿಸಿ ಜಮಖಾನದ ದಾರ ಕೀಳುತ್ತ ಕೂತ. ಅವನ ಕಿವಿ ಕೆಂಪಗಾಗಿತ್ತು. ಚಿಕ್ಕವನಿದ್ದಾಗಲೂ ಅಷ್ಟೇ, ಅಳು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು.

ಆಮೇಲೆ ಅವನು ಊಟದ ಹೊತ್ತಿಗೆ ರಸ್ತೆಯ ಕತೆ ಹೇಳಲು ಶುರು ಮಾಡಿದ. ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಒಬ್ಬರು ಆಂಟಿ ಬಾಗಿಲು ತೆಗೆದವರೇ, "ಅಯ್ಯೋ ಸ್ವಾಮಿ" ಎಂದು ಅವನ ಕಾಲು ಮುಟ್ಟಿ, ಕೈ ತೊಳೆದುಕೊಂಡು ಬಂದು ಮಟನ್ ಬಿರಿಯಾನಿ ಇಸಕೊಂಡರಂತೆ. ಯಜಮಾನರು ನಕ್ಕುಬಿಟ್ಟರು. ಅನ್ನ ನೆತ್ತಿಗೇರಿ ಕೆಮ್ಮಿದರು.

"ಅದೇ ಆಂಟಿ ಸ್ವಾಮಿ, ದಸರಾ ಟೈಮಲ್ಲಿ ಲಿಫ್ಟಲ್ಲಿ ಬರಬೇಡ, ಮೆಟ್ಲು ಹತ್ಕೊಂಡು ಬಾ ಅಂದಿದ್ರು. ಈಗ ಅವ್ರೇ ಬಟನ್ ಒತ್ತಿ ಕಳ್ಸಿದ್ರು. ಸ್ವಾಮಿ ಆದ್ರೆ ಲಿಫ್ಟು, ನಂದೀಶ ಆದ್ರೆ ಮೆಟ್ಲು."

ಅವನು ನಗುತ್ತಲೇ ಹೇಳಿದ. ಯಜಮಾನರ ನಗು ಅಲ್ಲಿಗೆ ನಿಂತಿತು. "ಎಷ್ಟನೇ ಮಹಡಿ ಸ್ವಾಮಿ?" ಎಂದು ಕೇಳಿದರು. "ಏಳು" ಎಂದ. ಇವರು ಎಲೆ ಮಡಚಿ ಎದ್ದರು. ಸಂಜೆ ಎಲ್ಲಿಂದಲೋ ಕೊಬ್ಬರಿ ಎಣ್ಣೆ ತಂದು, "ಸ್ವಾಮಿಗೆ ಕೊಡು, ಹಿಮ್ಮಡಿ ಒಡೆದೈತೆ" ಎಂದು ನನ್ನ ಕೈಗೆ ಕೊಟ್ಟರು. ತಕ್ಷಣ ಕೈ ಹಿಂದೆ ತೆಗೆದುಕೊಂಡು ತಾವೇ ಹೋಗಿ ಕೊಟ್ಟರು.

ನನಗೆ ಆಸೆ ಹುಟ್ಟಿತು. ಆಸೆಯ ಹಿಂದೆಯೇ ಹೆದರಿಕೆ ಬಂತು. ಬೆಟ್ಟದಿಂದ ಬಂದ ಮೇಲೆ ಮಾಲೆ ತೆಗೆಯುತ್ತಾರೆ. ಸ್ವಾಮಿ ಎನ್ನುವ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಇವರನ್ನು ಏನೆಂದು ಕರೆಯಬೇಕು? ಇವರು ಅವನನ್ನು ಏನೆಂದು ಕರೆಯಬೇಕು?

ಒಂದು ದಿನ ಅವನು ತೆಂಗಿನಕಾಯಿ ಸಿಪ್ಪೆ ಕೆರೆದು ನುಣ್ಣಗೆ ಮಾಡುತ್ತಿದ್ದ. ಬೆಟ್ಟಕ್ಕೆ ಹೊರಡುವಾಗ ತಲೆಯ ಮೇಲೆ ಹೊರುವ ಇರುಮುಡಿ ಗಂಟಿನಲ್ಲಿ ತುಪ್ಪ ತುಂಬಿ ಇಡುವ ಕಾಯಿ ಅದು. ಪಕ್ಕದಲ್ಲಿ ಕೂತು ಕೇಳಿದೆ.

"ಮಾಲೆ ತೆಗೆದ್ಮೇಲೆ ಅವ್ರನ್ನ ಏನಂತ ಕರೀತೀರಿ ಸ್ವಾಮಿ?"

"ನೋಡಣ ಬಿಡಮ್ಮ. ಮೊದ್ಲು ಬೆಟ್ಟ ಹತ್ತಣ."

"ಒಂದ್ಸಲ ಅಪ್ಪ ಅಂದ್ರೆ ನಿಮ್ದೇನು ಕಳ್ಕೊಳಲ್ಲ."

ಅವನು ಕಾಯಿ ತಿರುಗಿಸಿ ಇನ್ನೊಂದು ಪಕ್ಕ ಕೆರೆದ. "ಬಾಯಿಗೆ ಬರತ್ತಮ್ಮ. ಬಂದು ಅಲ್ಲೇ ನಿಂತ್ಕೊಳತ್ತೆ" ಎಂದ. "ಅವ್ರೂ ಕರೀಲಿ ನೋಡಣ, ಹೆಸ್ರಿಡ್ದು."

ಯಜಮಾನರನ್ನೂ ಕೇಳಿದೆ. ಅವರು ಬಟ್ಟೆ ಒಣಗಹಾಕುತ್ತಿದ್ದರು, ಅವನದ್ದೂ ಸೇರಿಸಿ. "ಮಾಲೆ ಇರೋ ತನಕ ಅವ್ರು ಸ್ವಾಮಿ. ಆಮೇಲಿಂದು ಆಮೇಲೆ" ಎಂದರು. ಹಾಗೆಂದವರು ಪಂಚೆಯನ್ನು ಎರಡೆರಡು ಸಲ ಹಿಂಡಿದರು.

ಇರುಮುಡಿ ಕಟ್ಟುವುದಕ್ಕೆ ಇನ್ನು ಕೆಲವೇ ದಿನ ಇತ್ತು. ಅಕಾಲದಲ್ಲಿ ಜಿಟಿಜಿಟಿ ಮಳೆ ಹಿಡಿದಿತ್ತು. ಅವನು ಬರಿಗಾಲಲ್ಲೇ ಗಾಡಿ ಓಡಿಸುತ್ತಿದ್ದ. ಆವತ್ತು ಮಧ್ಯಾಹ್ನ ಕೂಟು, ಬೇಳೆ ಸಾರು ಮಾಡಿದ್ದೆ. ಇವರು ಎರಡು ಎಲೆ ಹಾಕಿಕೊಂಡು ಕೂತಿದ್ದರು. ಫೋನು ಬಂತು. ಯಾರೋ ಗೊತ್ತಿಲ್ಲದವರು. ಮಾಗಡಿ ರೋಡಿನಲ್ಲಿ ಹಿಂದಿನಿಂದ ಯಾವುದೋ ಗಾಡಿ ಗುದ್ದಿ ನಿಲ್ಲಿಸದೆ ಹೋಗಿದೆ, ಆಸ್ಪತ್ರೆಗೆ ಬನ್ನಿ ಎಂದರು. ನಾವು ಹೋಗುವಷ್ಟರಲ್ಲಿ ಮುಗಿದಿತ್ತು.

ಮಾಲೆ ಹಾಕಿದವರು ಹೆಣ ಮುಟ್ಟುವಂತಿಲ್ಲ. ನೋಡುವಂತೆಯೂ ಇಲ್ಲ. ಮನೆಯಲ್ಲಿ ಸಾವಾದರೆ ಸೂತಕ, ಮಾಲೆ ತೆಗೆಯಲೇಬೇಕು. ಗುರುಸ್ವಾಮಿ ಬಂದು ಮಂತ್ರ ಹೇಳಿ ತೆಗೆಯುವುದು ಕ್ರಮ. ಯಜಮಾನರು ಕಾಯಲಿಲ್ಲ. ಆಸ್ಪತ್ರೆಯ ಗೋಡೆಗೆ ಮುಖ ಮಾಡಿ ತಾವೇ ಮಾಲೆ ತೆಗೆದು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ನಾನು ಹಿಂದೆ ಹೋದೆ. ಬಿಳಿ ಬಟ್ಟೆಯ ಕೆಳಗೆ ಅವನ ಪಾದ ಹೊರಗಿತ್ತು. ಇವರು ಅದನ್ನು ಹಿಡಿದುಕೊಂಡರು. ಬಾಯಿ ತೆರೆದರು. ಸ್ವಾಮಿ ಎನ್ನಲು ಮಾಲೆ ಇರಲಿಲ್ಲ. ಮಗನ ಹೆಸರು ಹೇಳಿ ನಾಲ್ಕು ವರ್ಷವಾಗಿತ್ತು. ಏನೂ ಎನ್ನದೆ ಪಾದ ಹಿಡಿದುಕೊಂಡೇ ನಿಂತರು, ಅಲ್ಲಿಯವರು ಬಂದು ಬಿಡಿಸುವ ತನಕ.

ಅವನ ಕೊರಳಲ್ಲಿ ಮಾಲೆ ಇರಲಿಲ್ಲ. ಬಿದ್ದಾಗ ಕಿತ್ತುಹೋಗಿರಬೇಕು ಎಂದುಕೊಂಡೆವು.

ದಹನವಾದ ಮೂರನೇ ದಿನ ಒಬ್ಬರು ಮನೆ ಹುಡುಕಿಕೊಂಡು ಬಂದರು. ಅವರೂ ಮಾಲೆ ಹಾಕಿದವರು, ನಲವತ್ತರ ಆಸುಪಾಸು. ಸೂತಕದ ಮನೆ ಎಂದು ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. ಕೈಯಲ್ಲಿ ಬಾಳೆ ಎಲೆಯ ಪೊಟ್ಟಣ.

"ಮೊದ್ಲು ನೋಡಿದ್ದು ನಾನೇ ಅಮ್ಮ. ಸ್ವಾಮಿ ರೋಡಲ್ಲಿ ಬಿದ್ದಿದ್ರು. ಉಸಿರಿತ್ತು" ಎಂದರು. "ಮಾಲೆಗೆ ರಕ್ತ ಆಗ್ಬಾರ್ದು ಅಂತ ಮೊದ್ಲು ಅದನ್ನ ತೆಗೆಯೋಕೆ ಹೋದೆ. ಹೆಲ್ಮೆಟ್ ಪಟ್ಟಿಗೆ ಸಿಕ್ಕಾಕ್ಕೊಂಡಿತ್ತು. ಕತ್ತರಿಸೋ ಹಂಗಿಲ್ವಲ್ಲ, ನಿಧಾನಕ್ಕೆ ಬಿಡಿಸ್ದೆ. ಪಕ್ಕದಲ್ಲೇ ಗಣಪತಿ ಗುಡಿ, ಅಲ್ಲಿ ಇಟ್ಟು ಬಂದು, ಆಟೋ ನಿಲ್ಸಿ, ನಾನೇ ತೊಡೆ ಮೇಲೆ ಮಲಗಿಸ್ಕೊಂಡು ಹೋದೆ. ಮಾಲೆ ನೆಲಕ್ಕೆ ತಾಗಿಸ್ಲಿಲ್ಲಮ್ಮ. ಒಂದು ಹನಿ ಕೂಡ ಬಿದ್ದಿಲ್ಲ, ನೋಡಿ."

ಹೇಳುತ್ತ ಹೇಳುತ್ತ ಅವರು ಅತ್ತರು. ಅವರ ಪಂಚೆಯ ಅಂಚಿನಲ್ಲಿ ಒಗೆದರೂ ಹೋಗದ ಕಲೆ ಇತ್ತು. ಬೇರೆ ಯಾರೂ ನಿಲ್ಲದ ರಸ್ತೆಯಲ್ಲಿ ನಿಂತವರು ಅವರೊಬ್ಬರೇ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗಲಿಲ್ಲ. ಕೈ ಮುಗಿಯಲೂ ಆಗಲಿಲ್ಲ. ಯಜಮಾನರು ಹೋಗಿ ಪೊಟ್ಟಣ ಇಸಕೊಂಡರು. ಬಿಚ್ಚಿ ನೋಡಿದರು. ಮಣಿಗಳು ಶುಭ್ರವಾಗಿದ್ದವು.

ಅವರು ಹೋದ ಮೇಲೆ ನಾನು ಹೇಳಿದೆ, "ಅದನ್ನ ಬಿಡಿಸೋ ಹೊತ್ತಲ್ಲಿ..."

"ಬಿಡು" ಎಂದರು. ಪೊಟ್ಟಣ ಮತ್ತೆ ಮಡಚುತ್ತ, "ನಾನಿದ್ದಿದ್ರೂ ಅದನ್ನೇ ಮಾಡ್ತಿದ್ದೆ" ಎಂದರು.

ಅವರು ಅಂದದ್ದು ನಿಜ. ನಾನಿದ್ದಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ಬೇಗ ತಂದಿದ್ದರೆ ಏನಾಗುತ್ತಿತ್ತು ಎಂದು ನಾವು ಡಾಕ್ಟರನ್ನು ಕೇಳಲಿಲ್ಲ. ಆ ಉತ್ತರ ಇಟ್ಟುಕೊಂಡು ಬದುಕುವ ಶಕ್ತಿ ಇಬ್ಬರಿಗೂ ಇರಲಿಲ್ಲ. ಅವನೊಳಗೆ ದೇವರಿದ್ದಾನೆ ಎಂದು ಆ ಚಳಿಗಾಲ ಎಲ್ಲರೂ ಕೈ ಮುಗಿದರು. ಏಳನೇ ಮಹಡಿಯ ಹೆಂಗಸು ಮುಗಿದಳು, ಹೆತ್ತ ಅಪ್ಪ ಕಾಲಿಗೆ ಬಿದ್ದ. ಒಳಗಿರುವವರಿಗೆ ಎಂದರು ಗುರುಸ್ವಾಮಿ. ಒಳಗಿರುವವರು ರಸ್ತೆಯ ಮೇಲೆ ಬಿದ್ದಾಗ ನಾವು ಜೋಪಾನ ಮಾಡಿದ್ದು ಮೇಲಿದ್ದ ಮಣಿಯನ್ನು. ಇದಕ್ಕೆ ಯಾರನ್ನು ದೂರಬೇಕೋ ನನಗೆ ಗೊತ್ತಿಲ್ಲ. ಮನುಷ್ಯನಲ್ಲಿ ದೇವರನ್ನು ಕಾಣಲು ನಮಗೆ ಒಂದು ಗುರುತು ಬೇಕಾಗುತ್ತದೆ. ಆ ಗುರುತೇ ನಮ್ಮ ಕಣ್ಣಿಗೆ ಅಡ್ಡ ನಿಲ್ಲುತ್ತದೆ. ಇಷ್ಟು ವರ್ಷವಾದರೂ ಇದಕ್ಕಿಂತ ಹೆಚ್ಚಿಗೆ ನನಗೆ ತಿಳಿದಿಲ್ಲ. ಗುಡಿಗೆ ಹೋಗುತ್ತೇನೆ, ಕೈ ಮುಗಿಯುತ್ತೇನೆ, ಬರುತ್ತೇನೆ. ಏನೂ ಕೇಳುವುದಿಲ್ಲ.

ಬೂದಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋದೆವು. ಕೆಂಗೇರಿ ದಾಟುವ ತನಕ ರಸ್ತೆ ತುಂಬ ಬೆಟ್ಟಕ್ಕೆ ಹೊರಟ ಬಸ್ಸುಗಳು, ಮುಂದೆ ಬಾಳೆಕಂದು ಕಟ್ಟಿಕೊಂಡು. ಹಿರಿಯರು ಕಿರಿಯರಿಗೆ ಕರ್ಮ ಮಾಡಬಾರದು ಎಂದು ಮೈದುನ ತಮ್ಮ ಮಗನನ್ನು ಕೂರಿಸಲು ಹೊರಟರು. ಯಜಮಾನರು ಒಪ್ಪಲಿಲ್ಲ. ನದಿಯ ಕಲ್ಲಿನ ಮೇಲೆ ಒದ್ದೆ ಪಂಚೆಯಲ್ಲಿ ತಾವೇ ಕೂತರು. ಮಡಿಲಲ್ಲಿ ಕೆಂಪು ಬಟ್ಟೆ ಕಟ್ಟಿದ ಮಡಕೆ.

ಪುರೋಹಿತರಿಗೆ ನಮ್ಮ ವಿಷಯ ಏನೂ ಗೊತ್ತಿರಲಿಲ್ಲ. ಹಿಂದೆ ಇನ್ನೂ ಎರಡು ಕುಟುಂಬ ಕಾಯುತ್ತಿತ್ತು. "ಮಗ ಅಲ್ವಾ? ಹೆಸರು ಹೇಳಿ" ಎಂದರು.

ಇವರು ನೀರು ನೋಡುತ್ತ ಕೂತರು.

"ಯಜಮಾನ್ರೇ, ಹೆಸರು ಬೇಕು. ಹೆಸರಿಲ್ದೆ ಬಿಟ್ರೆ ಅವರಿಗೆ ಸೇರಲ್ಲ. ನೀವೇ ಹೇಳ್ಬೇಕು, ಮೂರು ಸಲ, ಕರೆದ ಹಾಗೆ."

ಮೈದುನ ಹೇಳಲು ಹೋದರು. ನಾನು ಅವರ ತೋಳು ಹಿಡಿದೆ.

"ನಂದೀಶ" ಎಂದರು ಯಜಮಾನರು. ನಮ್ಮಲ್ಲಿ ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

"ಇನ್ನೊಂದ್ಸಲ."

"ನಂದೀಶ."

ಮೂರನೆಯ ಸಲ ಅವರು ಕೂಗಿಯೇಬಿಟ್ಟರು. ಸಂಜೆ ಆಟ ಬಿಟ್ಟು ಬಾರದ ಹುಡುಗನನ್ನು ಬೀದಿಗೆ ಬಂದು ಕೂಗುವ ಹಾಗೆ, "ನಂದೀಶಾ, ಬಾರೋ" ಎಂದು. ಪಕ್ಕದ ಕಲ್ಲುಗಳ ಮೇಲೆ ಕೂತಿದ್ದವರೆಲ್ಲ ಇತ್ತ ತಿರುಗಿದರು. ಪುರೋಹಿತರು ಮಂತ್ರ ನಿಲ್ಲಿಸಿದರು. ಕೂಗಿದವರು ಕತ್ತೆತ್ತಿ, ಓಗೊಡುವುದನ್ನು ಕೇಳಿಸಿಕೊಳ್ಳುವವರಂತೆ, ಅಲ್ಲೇ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಪುರೋಹಿತರೇ ಬಗ್ಗಿ ಅವರ ಕೈಯಿಂದ ಮಡಕೆ ತೆಗೆದುಕೊಂಡರು.